ಪೈಪಿನೊಳಗೆ ಸ್ಟೀಮ್, ಹೊರಗೆ ಹಬೆ

ಕಳೆದ ಆಷಾಢದಲ್ಲಿ ಶಿವಮೊಗ್ಗದ ಹೊರವಲಯದ ಒಂದು ಅಕ್ಕಿ ಮಿಲ್ಲಿನವರು ನನಗೆ ಹನ್ನೆರಡು ವಾಕ್ಯಗಳ ಕೆಲಸವೊಂದನ್ನು ಕೊಟ್ಟರು. ಬ್ಯಾಂಕಿನ ಅರ್ಜಿ, ಔಷಧಿಯ ಚೀಟಿ, ಯಂತ್ರಗಳ ಕೈಪಿಡಿ ಇಂಥವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಆ ಲೆಕ್ಕದಲ್ಲಿ ಹನ್ನೆರಡು ವಾಕ್ಯವೆಂದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯಬೇಕಾದ ಬಾಬತ್ತು. ಬಾಯ್ಲರ್ ಕೋಣೆಯ ಗೋಡೆಗೆ ಹಾಕುವ ಎಚ್ಚರಿಕೆಯ ಫಲಕ ಅದು. ಮೊದಲ ವಾಕ್ಯದ ಮೊದಲ ಪದವೇ ‘ಸ್ಟೀಮ್’. ಅದರ ಜಾಗದಲ್ಲಿ ಕನ್ನಡದ ಯಾವ ಪದವನ್ನು ಕೂರಿಸಬೇಕೆಂದು ತೀರ್ಮಾನಿಸಲು ನನಗೆ ಮೂರು ವಾರ ಹಿಡಿಯಿತು.

ಪದ ಸಿಗಲಿಲ್ಲವೆಂದಲ್ಲ, ನಾಲ್ಕು ಸಿಕ್ಕಿದ್ದೇ ತೊಂದರೆಯಾಯಿತು. ಹಬೆ, ಆವಿ, ಉಗಿ, ಬಾಷ್ಪ ಎಂಬ ನಾಲ್ಕೂ ನಿಘಂಟಿನಲ್ಲಿ ಒಂದೇ ಮನೆಯ ಮಕ್ಕಳಂತೆ ಸಾಲಾಗಿ ಕೂತಿರುತ್ತವೆ. ಆದರೆ ಬಳಕೆಗೆ ಇಳಿಸಿದ ಕೂಡಲೇ ಒಂದು ಕೂತ ಮಣೆಯ ಮೇಲೆ ಇನ್ನೊಂದು ಕೂರುವುದಿಲ್ಲ. ಹಬೆಯಾಡುವ ಇಡ್ಲಿ ಎಂದರೆ ಬಾಯಲ್ಲಿ ನೀರೂರುತ್ತದೆ, ಬಾಷ್ಪ ತುಂಬಿದ ಇಡ್ಲಿ ಎಂದರೆ ಪಾಪ, ಅದು ಅಳುತ್ತಿದೆಯೇನೋ ಅನ್ನಿಸುತ್ತದೆ. ಕೆರೆಯ ನೀರು ಬೇಸಿಗೆಯಲ್ಲಿ ಆವಿಯಾಗುತ್ತದೆಯೇ ಹೊರತು ಹಬೆಯಾಗುವುದಿಲ್ಲ. ಉಗಿಬಂಡಿ ಎಂದು ಓದಿ ಬೆಳೆದವರು ಯಾರೂ ಆವಿಬಂಡಿ ಎನ್ನುವುದಿಲ್ಲ. ಒಂದೇ ಇಂಗ್ಲಿಷ್ ಪದ ಸರಾಗವಾಗಿ ಮಾಡುತ್ತಿರುವ ಕೆಲಸವನ್ನು ನಮ್ಮಲ್ಲಿ ನಾಲ್ಕು ಪದಗಳು ಹೊಲ ಹಂಚಿಕೊಂಡ ಅಣ್ಣತಮ್ಮಂದಿರಂತೆ ಬದು ಹಾಕಿಕೊಂಡು ಮಾಡುತ್ತಿವೆ.

ಹಬೆ ಅಡುಗೆಮನೆಯ ಪದ. ಇದನ್ನು ನಾನು ಕಲಿತದ್ದು ತೀರ್ಥಹಳ್ಳಿಯ ಹತ್ತಿರದ ತವರುಮನೆಯಲ್ಲಿ, ಅರಿಶಿನ ಎಲೆ ಕಡುಬಿನ ಒಲೆಯ ಮುಂದೆ. ಫಲಕದ ಕೆಲಸ ಅರ್ಧಕ್ಕೆ ನಿಂತಿದ್ದಾಗಲೇ ನಾಗರಪಂಚಮಿ ಬಂದದ್ದರಿಂದ ಕಾಗದವನ್ನು ಚೀಲದಲ್ಲಿಟ್ಟುಕೊಂಡೇ ಊರಿಗೆ ಹೋಗಿದ್ದೆ. ಹಿತ್ತಿಲಿನಲ್ಲಿ ಮಳೆ ಕುಡಿದು ಬೆಳೆದ ಅರಿಶಿನದ ಎಲೆಗಳನ್ನು ಕೊಯ್ದು ತೊಳೆದು, ಅವುಗಳ ಮೇಲೆ ಅಕ್ಕಿಹಿಟ್ಟನ್ನು ತೆಳ್ಳಗೆ ಬಳಿದು, ನಡುವೆ ಕಾಯಿಬೆಲ್ಲದ ಹೂರಣವಿಟ್ಟು, ಎಲೆಯನ್ನು ಉದ್ದಕ್ಕೆ ಮಡಚಿ ಕಡುಬಿನ ಪಾತ್ರೆಯಲ್ಲಿ ಜೋಡಿಸಿ ಮುಚ್ಚಳ ಹಾಕುವವರೆಗೂ ಅಮ್ಮ ಗಡಿಯಾರದ ಕಡೆ ನೋಡುವುದಿಲ್ಲ. ‘ಹಬೆ ಬಂತಾ ನೋಡು’ ಎಂದು ನನ್ನನ್ನು ಕಳಿಸಿ, ಬಂತು ಎಂದ ಮೇಲೆಯೇ ಅವಳ ಇಪ್ಪತ್ತು ನಿಮಿಷ ಶುರುವಾಗುತ್ತದೆ. ಒಲೆಯಲ್ಲಿ ಸೌದೆ ಹಸಿಯಾಗಿದ್ದರೆ ಹಬೆ ತಡವಾಗಿ ಬರುತ್ತದೆ, ಒಣಗಿದ್ದರೆ ಬೇಗ ಬರುತ್ತದೆ. ಯಾವಾಗ ಬಂದರೂ ಲೆಕ್ಕ ಅಲ್ಲಿಂದಲೇ. ಅಂದರೆ ಅಡುಗೆಮನೆಯಲ್ಲಿ ಹಬೆಯೆಂಬುದು ವಸ್ತುವೂ ಹೌದು, ಮುಹೂರ್ತವೂ ಹೌದು.

ಆ ಬೆಳಗ್ಗೆ ನನ್ನ ಅಣ್ಣನ ಮಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಜಗಲಿಯಿಂದಲೇ ಕೂಗಿದ: ‘ಅಜ್ಜೀ, ಸ್ಟೀಮ್ ಓಪನ್ನೇ ಆಗ್ತಾ ಇಲ್ಲ!’ ಒಳಗಿನಿಂದ ಅಮ್ಮ, ‘ಓಪನ್ ಮಾಡಬೇಡ ಮಾರಾಯ, ಇನ್ನೂ ಹತ್ತು ನಿಮಿಷ ಬೇಯಬೇಕು’ ಎಂದಳು. ಅವನು ಹೇಳಿದ ಸ್ಟೀಮ್ ಕಂಪ್ಯೂಟರ್ ಆಟಗಳನ್ನು ಮಾರುವ ಅಂಗಡಿ. ಅಮೆರಿಕದ ಕಂಪನಿಯೊಂದು 2003ರಲ್ಲಿ ಅದನ್ನು ಶುರುಮಾಡಿತು, ಮತ್ತು ಆ ಕಂಪನಿಯ ಹೆಸರು ವಾಲ್ವ್. ಬಾಯ್ಲರಿನ ಫಲಕವನ್ನು ಕೈಯಲ್ಲಿ ಹಿಡಿದು ಕೂತಿದ್ದ ನನಗೆ ವಾಲ್ವ್‌ನಿಂದ ಸ್ಟೀಮ್ ಹೊರಬಂದಿರುವ ಈ ಸಂಗತಿ ಎಷ್ಟು ಹಿತವೆನಿಸಿತೆಂದು ಹುಡುಗನಿಗೆ ಹೇಳಿದರೆ ಅವನಿಗೆ ಏನೂ ಅನ್ನಿಸಲಿಲ್ಲ. ಅದರ ಚಿಹ್ನೆಯನ್ನು ತೋರಿಸಿದ: ಒಂದು ದುಂಡು, ಅದಕ್ಕೆ ಸೇರಿಕೊಂಡ ಓರೆ ತೋಳು, ತುದಿಯಲ್ಲಿ ಇನ್ನೊಂದು ದುಂಡು. ಹಳೆಯ ರೈಲಿನ ಗಾಲಿಯನ್ನು ತಿರುಗಿಸುತ್ತಿದ್ದ ತೋಳಿನ ಆಕಾರವೇ ಅದು. ನಿಜವಾದ ಉಗಿ ಇಂಜಿನ್ನನ್ನು ಕಣ್ಣಿನಿಂದ ಕಂಡಿರದ ಹುಡುಗ ದಿನಕ್ಕೆ ನಾಲ್ಕು ಸಲ ಅದರ ತೋಳನ್ನು ಬೆರಳಿನಿಂದ ಒತ್ತುತ್ತಾನೆ. ಕೆಲವು ಶಾಲೆಗಳು ಈಗ ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಕಲೆ, ಗಣಿತ ಇವುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಅದನ್ನೂ ಸ್ಟೀಮ್ ಎಂದು ಕರೆಯುತ್ತಿವೆ. ಅದಕ್ಕೆ ಕಾವಿಲ್ಲ, ಒದ್ದೆಯಿಲ್ಲ, ಆದ್ದರಿಂದ ಅದನ್ನು ಇಲ್ಲಿಗೆ ಬಿಡುತ್ತೇನೆ.

ಅಮ್ಮ ಮುಚ್ಚಳ ತೆಗೆಯುವ ರೀತಿಯನ್ನು ಮಾತ್ರ ಬಿಡಲಾರೆ. ಮುಚ್ಚಳವನ್ನು ಅವಳು ಎಂದೂ ತನ್ನ ಕಡೆಗೆ ಎತ್ತುವುದಿಲ್ಲ. ಆಚೆಯ ಅಂಚನ್ನು ಮೊದಲು ಎತ್ತಿ, ಹಬೆಯನ್ನು ಗೋಡೆಯ ಕಡೆ ಹೋಗಲು ಬಿಟ್ಟು, ಆಮೇಲೆ ಕೈಹಾಕುತ್ತಾಳೆ. ಇದಕ್ಕೆ ಲೆಕ್ಕವಿದೆ. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಎಷ್ಟು ಶಾಖ ಬೇಕೋ ಅದರ ಸುಮಾರು ಏಳು ಪಟ್ಟು ಶಾಖ, ಆ ಕುದಿಯುವ ನೀರನ್ನು ಪೂರ್ತಿ ಹಬೆಯಾಗಿಸಲು ಬೇಕು. ಈ ಎರಡನೆಯ ಶಾಖ ಉಷ್ಣಮಾಪಕದಲ್ಲಿ ಕಾಣುವುದಿಲ್ಲ. ಕುದಿಯುವ ನೀರೂ ಅದೇ ಡಿಗ್ರಿ, ಅದರಿಂದೆದ್ದ ಹಬೆಯೂ ಅದೇ ಡಿಗ್ರಿ. ಕನ್ನಡದ ವಿಜ್ಞಾನ ಪುಸ್ತಕಗಳು ಇದನ್ನು ಗುಪ್ತೋಷ್ಣ ಎಂದು ಕರೆದಿರುವುದು ಬಹಳ ಒಪ್ಪುವ ಹೆಸರು. ಹಬೆ ಕೈಗೆ ತಾಗಿ ಮತ್ತೆ ನೀರಾಗುವಾಗ ಬಚ್ಚಿಟ್ಟುಕೊಂಡಿದ್ದ ಆ ಶಾಖವನ್ನಷ್ಟೂ ಚರ್ಮದ ಮೇಲೆ ಸುರಿದುಬಿಡುತ್ತದೆ. ಕುದಿನೀರು ಬಿದ್ದದ್ದಕ್ಕಿಂತ ಹಬೆ ಹೊಡೆದ ಸುಟ್ಟಗಾಯ ಕೆಟ್ಟದ್ದಾಗುವುದು ಇದಕ್ಕೇ. ಕಡುಬು ಬೇಯುವುದೂ ಇದರಿಂದಲೇ. ಎಲೆಯ ತಣ್ಣನೆಯ ಮೈಮೇಲೆ ಹಬೆ ನೀರಾಗುತ್ತಾ ಹೋದಂತೆ ಶಾಖವೆಲ್ಲ ಹಿಟ್ಟಿಗೆ ಇಳಿಯುತ್ತದೆ, ಹಿಟ್ಟು ಕರಗದೆ, ಸೀಯದೆ, ಮೆತ್ತಗೆ ಗಟ್ಟಿಯಾಗುತ್ತದೆ.

ನಮ್ಮೂರಿನ ಒಲೆಯಲ್ಲಿ ನೀರು ನೂರು ಡಿಗ್ರಿಯವರೆಗೂ ಹೋಗುವುದಿಲ್ಲ ಎಂಬುದೊಂದು ಸ್ವಾರಸ್ಯ. ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಅಷ್ಟು ಕಡಿಮೆ, ಆದ್ದರಿಂದ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಲ್ಲಿ ಯಾರಾದರೂ ಕಡುಬು ಬೇಯಿಸಿದರೆ ಹಬೆ 96 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಕುಕ್ಕರ್ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ಹಬೆಯನ್ನು ಹೊರಹೋಗಲು ಬಿಡದೆ ಒತ್ತಡ ಏರಿಸಿ 120 ಡಿಗ್ರಿಯ ಹತ್ತಿರಕ್ಕೆ ಒಯ್ಯುತ್ತದೆ. ಫ್ರಾನ್ಸಿನ ಡೆನಿ ಪಾಪನ್ 1679ರಲ್ಲಿ ಇಂಥ ಪಾತ್ರೆಯನ್ನು ಮಾಡಿ, ಅದು ಸಿಡಿಯದಂತೆ ಒತ್ತಡ ಹೆಚ್ಚಾದಾಗ ತಾನಾಗಿ ತೆರೆದುಕೊಳ್ಳುವ ಕವಾಟವನ್ನೂ ಕೂರಿಸಿದ. ಇಂಗ್ಲಿಷಿನವರು ಅದರ ಸದ್ದನ್ನು ಸೀಟಿ ಎಂದರು. ನಮ್ಮ ಮನೆಗಳಲ್ಲಿ ಅದು ಕೂಗು. ‘ಬೇಳೆ ಮೂರು ಕೂಗು ಕೂಗಲಿ’ ಎನ್ನುವಾಗ ಕುಕ್ಕರು ಕೋಳಿಯ ಜಾತಿಗೆ ಸೇರಿಬಿಡುತ್ತದೆ.

ಹಬೆಯಲ್ಲಿ ಬೇಯಿಸುವುದು ನಮಗೆ ಬಹಳ ಹಳೆಯದು ಎಂದು ಹೆಮ್ಮೆಪಡುವವರು ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಬರುವ ‘ಇಡ್ಡಲಿಗೆ’ಯನ್ನು ಮುಂದೆ ಮಾಡುತ್ತಾರೆ. ಪದ ಅಲ್ಲಿರುವುದು ನಿಜ. ಆದರೆ ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ಇಡ್ಲಿಯ ವಿಧಾನ ಬರುವಾಗ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಮಾತಿದೆ, ಮೊಸರಿನ ತಿಳಿಯಿದೆ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಇವೆ. ಅಕ್ಕಿಯಿಲ್ಲ, ಹಬೆಯ ಮಾತೂ ಇಲ್ಲ. ಹೆಸರು ಮೊದಲು ಬಂದು ಹಬೆ ಆಮೇಲೆ ಸೇರಿಕೊಂಡಿರಬಹುದು ಎಂಬುದು ಆಹಾರದ ಇತಿಹಾಸ ಬರೆದವರ ತರ್ಕ. ಕಡುಬಿನ ಕಡೆಯವಳಾದ ನನಗೆ ಇಡ್ಲಿಯ ಈ ಹಿನ್ನಡೆಯಿಂದ ವಿಶೇಷ ದುಃಖವೇನೂ ಆಗಿಲ್ಲ.

ಫಲಕಕ್ಕೆ ‘ಹಬೆ’ ಎಂದೇ ಬರೆದುಬಿಡೋಣವೆಂದು ಮೊದಲು ಮನಸ್ಸಾಗಿತ್ತು. ಹಿಂದೆಗೆದದ್ದು ಆ ಪದದ ಒಳ್ಳೆಯತನಕ್ಕೆ ಹೆದರಿ. ಕನ್ನಡದಲ್ಲಿ ಹೊಗೆಯಾಡುವುದೆಲ್ಲ ಕೆಟ್ಟದ್ದು. ಪಕ್ಷದೊಳಗೆ ಭಿನ್ನಮತ ಹೊಗೆಯಾಡುತ್ತದೆ, ಅಣ್ಣತಮ್ಮಂದಿರ ನಡುವೆ ಅಸಮಾಧಾನ ಹೊಗೆಯಾಡುತ್ತದೆ. ಹಬೆಯಾಡುವುದೆಲ್ಲ ಒಳ್ಳೆಯದು; ಅನ್ನ ಹಬೆಯಾಡುತ್ತದೆ, ಕಾಫಿ ಹಬೆಯಾಡುತ್ತದೆ. ಬಿಳಿಯಾಗಿ ಮೇಲೇಳುವ ಎರಡು ವಸ್ತುಗಳಲ್ಲಿ ಒಂದಕ್ಕೆ ಪಾಪವನ್ನೂ ಇನ್ನೊಂದಕ್ಕೆ ಪುಣ್ಯವನ್ನೂ ಹಂಚಿಟ್ಟ ಭಾಷೆಯಲ್ಲಿ ‘ಎಚ್ಚರಿಕೆ, ಹಬೆ ಇದೆ’ ಎಂದು ಬರೆದರೆ ಓದುವವನು ಹೆದರುವ ಬದಲು ತಟ್ಟೆ ಹಿಡಿದು ಬಂದಾನು. ಶೀತವಾದಾಗ ಮುಸುಕು ಹೊದ್ದು ಹಿಡಿಯುವುದೂ ಹಬೆಯೇ. ಕೊರೋನಾದ ವರ್ಷಗಳಲ್ಲಿ ಪ್ರತಿ ಮನೆಯಲ್ಲೂ ದಿನಕ್ಕೆ ಮೂರು ಸಲ ‘ಸ್ಟೀಮ್ ತಗೊಳ್ಳುವ’ ವ್ರತ ನಡೆಯಿತು. ಕಟ್ಟಿದ ಮೂಗು ಸಡಿಲವಾಗಿ ಹಾಯೆನಿಸುವುದು ದಿಟವಾದರೂ ಹಬೆ ವೈರಾಣುವನ್ನು ಕೊಲ್ಲಲಿಲ್ಲ, ಕುದಿನೀರಿನ ಪಾತ್ರೆ ಮಗುಚಿ ಮಕ್ಕಳು ಮೈ ಸುಟ್ಟುಕೊಳ್ಳುವ ಅಪಾಯ ಮಾತ್ರ ಹೆಚ್ಚಿತು. ಆಸ್ಪತ್ರೆಯಲ್ಲಿ ಮಗುವಿನ ಮೂಗಿಗೆ ಮುಖವಾಡ ಹಿಡಿದು ನೆಬ್ಯುಲೈಸರ್ ಹಾಕುವುದನ್ನೂ ನಮ್ಮವರು ಆವಿ ಕೊಡುವುದು ಎನ್ನುತ್ತಾರೆ. ಅದರಲ್ಲಿ ಬಿಸಿಯೇ ಇಲ್ಲ. ಔಷಧಿಯ ದ್ರವವನ್ನು ಒಡೆದು ಮಾಡಿದ ತಣ್ಣನೆಯ ತುಂತುರು ಅದು.

ಆವಿ ಶಾಲೆಯ ಪದ. ನೀರು ಬಿಸಿಯಾಗಿ ಆವಿಯಾಗುತ್ತದೆ, ಆವಿ ತಣಿದು ಮೋಡವಾಗುತ್ತದೆ, ಮೋಡ ಮಳೆಯಾಗುತ್ತದೆ ಎಂದು ನಾಲ್ಕನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಮೇಲೆ ಅದು ನೇರವಾಗಿ ದುಡ್ಡಿನ ವ್ಯವಹಾರಕ್ಕೆ ಬರುತ್ತದೆ: ಅಡಿಕೆ ಮಾರಿದ ಹಣ ಮಗಳ ಮದುವೆಯಲ್ಲಿ ಆವಿಯಾಗಿ ಹೋಯಿತು. ಈ ಪದಕ್ಕೆ ಇರುವುದು ಹೋಗುವ ಗುಣ. ಹಬೆ ಬರುತ್ತದೆ, ಆವಿ ಹೋಗುತ್ತದೆ. ಗಡಿಯಾಚೆ ತಮಿಳಿನಲ್ಲಿ ಇದೇ ಪದಕ್ಕೆ ಉಸಿರು ಮತ್ತು ಆತ್ಮ ಎಂಬ ಅರ್ಥಗಳೂ ಇವೆ, ಅಲ್ಲಿನ ಕ್ರೈಸ್ತರು ಪವಿತ್ರಾತ್ಮವನ್ನು ಪರಿಶುದ್ಧ ಆವಿ ಎಂದೇ ಕರೆಯುತ್ತಾರೆ. ಚಳಿಗಾಲದ ಬೆಳಗ್ಗೆ ಶಾಲೆಗೆ ನಡೆಯುವಾಗ ಬಾಯಿಂದ ಬೆಳ್ಳಗೆ ಹೊರಟದ್ದನ್ನು ಬೀಡಿಯ ಹೊಗೆಯೆಂದು ನಟಿಸಿದ ಮಲೆನಾಡಿನ ಯಾವ ಮಗುವಿಗಾದರೂ ಉಸಿರಿಗೂ ಆವಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾರಸಿಯಿಂದ ನಮ್ಮಲ್ಲಿಗೆ ಬಂದ ‘ದಮ್’ ಕೂಡ ಇದೇ ದಾರಿಯಲ್ಲಿ ನಡೆದಿದೆ. ಮೂಲದಲ್ಲಿ ಅದರ ಅರ್ಥ ಉಸಿರು. ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ ಹಬೆಯನ್ನು ಒಳಗೇ ಹಿಡಿದಿಟ್ಟರೆ ದಮ್ ಬಿರಿಯಾನಿ. ಕೈಲಾಗದವನನ್ನು ದಮ್ಮಿಲ್ಲದವನು ಎನ್ನುತ್ತೇವೆ. ಕಸುವು ಮುಗಿದವನನ್ನು ಇಂಗ್ಲಿಷಿನವರು ಸ್ಟೀಮ್ ಖಾಲಿಯಾದವನು ಎನ್ನುವುದು ಇಂಜಿನ್ನುಗಳ ಕಾಲದ ಮಾತು. ನಮ್ಮ ದಮ್ಮಿಗೆ ಇಂಜಿನ್ ಬೇಕಾಗಲಿಲ್ಲ, ಬಿರಿಯಾನಿ ಸಾಕಾಯಿತು.

ಬಾಷ್ಪದ ಕಥೆ ಚಿಕ್ಕದು. ಸಂಸ್ಕೃತದಲ್ಲಿ ಅದಕ್ಕೆ ಕಣ್ಣೀರು ಎಂಬ ಅರ್ಥವೂ ಹಬೆ ಎಂಬ ಅರ್ಥವೂ ಇದೆ. ಕನ್ನಡದ ಸಾಹಿತ್ಯ ಕಣ್ಣೀರನ್ನು ತೆಗೆದುಕೊಂಡು ಆನಂದಬಾಷ್ಪ ಸುರಿಸಿತು, ಪಠ್ಯಪುಸ್ತಕ ಹಬೆಯನ್ನು ತೆಗೆದುಕೊಂಡು ಎಲೆಗಳು ನೀರನ್ನು ಗಾಳಿಗೆ ಬಿಡುವುದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರಿಟ್ಟಿತು. ಆಗುಂಬೆಯ ಕಾಡಿನ ಮೇಲೆ ಮಳೆ ಬಿಟ್ಟ ಗಳಿಗೆಯಲ್ಲಿ ಬಿಳಿಯದೊಂದು ಪರದೆ ಏಳುವುದನ್ನು ಕಂಡಾಗ ಎರಡರಲ್ಲಿ ಯಾವ ಅರ್ಥವನ್ನು ಆರಿಸಿಕೊಳ್ಳಬೇಕೆಂದು ನನಗೆ ಇವತ್ತಿಗೂ ಗೊಂದಲವಾಗುತ್ತದೆ. ಬಾಯ್ಲರ್ ಕೋಣೆಗೆ ಮಾತ್ರ ಅದು ಹೊಂದುವ ಪದವಲ್ಲವೆಂಬುದರಲ್ಲಿ ಗೊಂದಲವಿರಲಿಲ್ಲ.

ಉಳಿದದ್ದು ಉಗಿ. ಯಂತ್ರದ ಪದವೆಂದರೆ ಇದೇ, ಉಗಿಯಂತ್ರ, ಉಗಿಹಡಗು, ಉಗಿಬಂಡಿ ಎಂದು ಪುಸ್ತಕಗಳೆಲ್ಲ ಇದನ್ನೇ ಹಿಡಿದಿವೆ. ಹಾಗಾಗಿ ಫಲಕದ ಮೊದಲ ಕರಡಿನಲ್ಲಿ ‘ಉಗಿ’ ಎಂದೇ ಬರೆದೆ. ಆ ಪದಕ್ಕೆ ಒದಗಿದ ದುರ್ಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ‘ಉಗಿಯ ಶಕ್ತಿ’ ಎಂಬ ಪಾಠವನ್ನು ಮೇಷ್ಟ್ರು ಶುರುಮಾಡಿದ ದಿನ ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಎದ್ದ ನಗು ಅಡಗಲು ಹತ್ತು ನಿಮಿಷ ಬೇಕಾಗಿತ್ತು. ಎಲೆಯಡಿಕೆ ಹಾಕುವ ಸೀಮೆಯಲ್ಲಿ ಉಗಿ ಎಂದರೆ ಮೊದಲು ನೆನಪಾಗುವುದು ಬಾಯಿಂದ ಉಗಿಯುವುದು, ಎರಡನೆಯದಾಗಿ ನೆನಪಾಗುವುದು ಅಪ್ಪನ ಕೈಯಲ್ಲಿ ಉಗಿಸಿಕೊಳ್ಳುವುದು. ಮೂರನೆಯ ಅರ್ಥ ರೈಲಿನೊಂದಿಗೆ ಬಂತು, ರೈಲಿನೊಂದಿಗೇ ಹೋಯಿತು.

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬೀರೂರಿನಿಂದ ಶಿವಮೊಗ್ಗದವರೆಗೆ ಮೀಟರ್ ಗೇಜ್ ಹಳಿ ಬಂದಿತ್ತು. 1940ರ ಹೊತ್ತಿಗೆ ಅದು ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ತಲುಪಿತು. ಸಾಗರದ ಕಡೆಯವರಾದ ನನ್ನ ಅಪ್ಪ ಆ ಗಾಡಿಯ ವಿಷಯ ಹೇಳುವಾಗ ಒಂದು ಸಲವೂ ಉಗಿಬಂಡಿ ಎಂದದ್ದಿಲ್ಲ. ಅವರ ತಂದೆಯ ಕಾಲದಲ್ಲಿ ಅದು ಹೊಗೆಬಂಡಿ, ಅವರ ಕಾಲದಲ್ಲಿ ರೈಲು. ಪಂಡಿತರು ಗಾಡಿಯನ್ನು ಓಡಿಸುವುದು ಯಾವುದೆಂದು ವಿಚಾರಿಸಿ ಉಗಿಬಂಡಿ ಎಂದರು, ಊರಿನವರು ಗುಡ್ಡದ ತಿರುವಿನಲ್ಲಿ ದೂರದಿಂದ ಏನು ಕಾಣುತ್ತದೆಂದು ನೋಡಿ ಹೊಗೆಬಂಡಿ ಎಂದರು. ತಮಿಳರ ಪುಗೈವಂಡಿಯೂ ಹೀಗೆ ಕಂಡದ್ದನ್ನು ಹೇಳಿದ ಹೆಸರೇ. ಕಾವೇರಿ ಬಂಡೆಗಳ ನಡುವೆ ಧುಮುಕಿ ತುಂತುರು ಎಬ್ಬಿಸುವ ಜಾಗಕ್ಕೆ ಹೊಗೆನಕಲ್ ಎಂದು ಹೆಸರಿಟ್ಟವರ ಕಣ್ಣೂ ಅಂಥದ್ದು: ಬೆಳ್ಳಗೆ ಎದ್ದದ್ದು ನೀರೋ ಬೆಂಕಿಯ ಕೂಸೋ ಎಂದು ಅವರು ಪರೀಕ್ಷಿಸಲಿಲ್ಲ. ಚಿತ್ತರಂಜನ್ ಕಾರ್ಖಾನೆಯಲ್ಲಿ ಮೀಟರ್ ಗೇಜಿನ ಕೊನೆಯ ಉಗಿ ಇಂಜಿನ್ 1972ರಲ್ಲಿ ತಯಾರಾಯಿತು, ಆಮೇಲೆ ಡೀಸೆಲ್ ಬಂತು, ಉಗಿಬಂಡಿ ಪದ ಒಂದನೆಯ ತರಗತಿಯ ಚಿತ್ರದಲ್ಲಿ ಉಳಿಯಿತು. ಕೆಲಸವಿಲ್ಲದ ಪದವನ್ನು ಭಾಷಾಭಿಮಾನದಿಂದ ಎಷ್ಟು ದಿನ ಸಾಕಲು ಸಾಧ್ಯ?

ಸ್ವಾರಸ್ಯವೇನೆಂದರೆ ಪದ ಸತ್ತರೂ ವಸ್ತು ಸತ್ತಿಲ್ಲ. ಜೋಗದ ವಿದ್ಯುತ್ತು ಬೀಳುವ ನೀರಿನಿಂದ ಹುಟ್ಟುತ್ತದೆ, ಅದನ್ನು ಕಂಡು ಬೆಳೆದ ನಾವು ಕರೆಂಟು ಎಂದರೆ ನೀರು ಎಂದುಕೊಂಡಿದ್ದೇವೆ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡುವುದು ನೀರನ್ನು ಹಬೆಯಾಗಿಸಿ ಚಕ್ರ ತಿರುಗಿಸುವುದಕ್ಕೆ. ಘಟ್ಟದ ಕೆಳಗೆ ಕೈಗಾದಲ್ಲಿರುವ 220 ಮೆಗಾವಾಟಿನ ನಾಲ್ಕು ಅಣು ಸ್ಥಾವರಗಳೂ ಕೊನೆಗೆ ಮಾಡುವುದು ಅದನ್ನೇ. ಯುರೇನಿಯಂ ಪರಮಾಣುವನ್ನು ಒಡೆದು, ಅದರ ಶಾಖವನ್ನು ಭಾರಜಲದ ಮೂಲಕ ಸಾಗಿಸಿ, ನಮ್ಮ ಬಚ್ಚಲಿನ ಹಂಡೆಯ ಜಾತಿಯದೇ ನೀರನ್ನು ಕಾಯಿಸಿ ಹಬೆ ಎಬ್ಬಿಸುತ್ತವೆ. ಅಲ್ಲಿನ ಮೊದಲನೆಯ ಘಟಕ 2018ರ ಕೊನೆಯ ದಿನದವರೆಗೆ ಒಮ್ಮೆಯೂ ನಿಲ್ಲದೆ 962 ದಿನ ನಡೆದು ಜಗತ್ತಿನ ದಾಖಲೆ ಮಾಡಿತು. ಜೇಮ್ಸ್ ವಾಟ್ 1769ರಲ್ಲಿ ತನ್ನ ಸುಧಾರಣೆಗೆ ಪೇಟೆಂಟ್ ಪಡೆದ ಯಂತ್ರಕ್ಕೂ ಇದಕ್ಕೂ ನಡುವೆ ಉರಿ ಬದಲಾಗಿದೆ, ಹಬೆಯ ಕೆಲಸ ಬದಲಾಗಿಲ್ಲ.

ಹಬೆ ಬರೀ ನೂಕುವುದಿಲ್ಲ, ಹೊತ್ತು ತರುವುದೂ ಉಂಟು. ಅರಿಶಿನ ಎಲೆಯ ಕಡುಬು ಬೇಯುವಾಗ ಜಗಲಿಯವರೆಗೂ ಘಮ ಬರುವುದು ಎಲೆಯೊಳಗಿನ ತೈಲವನ್ನು ಹಬೆ ತನ್ನ ಜೊತೆಗೆ ಎತ್ತಿಕೊಂಡು ಹೊರಡುವುದರಿಂದ. ಇದೇ ಕೆಲಸವನ್ನು ಬೃಹತ್ತಾಗಿ ಮಾಡಲೆಂದು ಮೈಸೂರಿನಲ್ಲಿ 1916ರಲ್ಲಿ ಸರ್ಕಾರ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು, ಎರಡನೆಯದನ್ನು 1944ರಲ್ಲಿ ನಮ್ಮ ಶಿವಮೊಗ್ಗದಲ್ಲೇ ತೆರೆಯಿತು. ಗಂಧದೆಣ್ಣೆಯ ಮುಖ್ಯ ಸತ್ವ ಕುದಿಯಬೇಕಾದರೆ ಸುಮಾರು 300 ಡಿಗ್ರಿ ಬೇಕು, ಅಷ್ಟು ಕಾಯಿಸಿದರೆ ಪರಿಮಳವೇ ಕೆಟ್ಟುಹೋಗುತ್ತದೆ. ಆದರೆ ಗಂಧದ ಪುಡಿಯ ನಡುವೆ ಹಬೆಯನ್ನು ಹಾಯಿಸಿದರೆ ಎಣ್ಣೆ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಹಬೆಯ ಹೆಗಲೇರಿ ಬಂದು, ತಣಿದಾಗ ನೀರಿನ ಮೇಲೆ ಬೇರೆಯಾಗಿ ತೇಲುತ್ತದೆ. ದಿನಗಟ್ಟಲೆ ಹಿಡಿಯುವ ಕೆಲಸವದು. ಪೇಟೆಯಲ್ಲಿ ಓದುವಾಗ ಈ ವಿವರವನ್ನು ಅಮ್ಮನಿಗೆ ಹೇಳಿದ್ದೆ. ‘ಅಂದ್ರೆ ಅವರೂ ಕಡುಬೇ ಬೇಯಿಸೋದು, ತಿನ್ನೋದಿಲ್ಲ ಅಷ್ಟೆ’ ಎಂದಿದ್ದಳು.

ಹಬ್ಬ ಮುಗಿಸಿ ಬಂದವಳು ‘ಉಗಿ’ ಇದ್ದ ಕರಡನ್ನು ಹಿಡಿದು ಮಿಲ್ಲಿಗೆ ಹೋದೆ. ಬಾಯ್ಲರಿಗೆ ಭತ್ತದ ಹೊಟ್ಟೇ ಉರುವಲು. ಹೊಟ್ಟು ಉರಿದು ಹಬೆ, ಹಬೆಯಿಂದ ಭತ್ತ ಬೆಂದು, ಭತ್ತದಿಂದ ಮತ್ತೆ ಹೊಟ್ಟು. ಗಾಂಧಿ ಬಜಾರಿನ ಅಂಗಡಿಯಲ್ಲಿ ನಾವು ‘ಸ್ಟೀಮ್ ಅಕ್ಕಿ’ ಎಂದು ಕೇಳಿ ತರುವುದು ಇಲ್ಲಿಂದ ಬರುತ್ತದೆ: ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸಿ ಒಣಗಿಸಿದರೆ ಕುಚ್ಚಲಕ್ಕಿ, ನೆನೆಸದೆ ಸ್ವಲ್ಪ ಹೊತ್ತು ಹಬೆ ಹಾಯಿಸಿ ಬಿಟ್ಟರೆ ಸ್ಟೀಮ್ ಅಕ್ಕಿ, ಏನೂ ಮಾಡದಿದ್ದರೆ ರಾ ಅಕ್ಕಿ. ಬಾಯ್ಲರಿನ ಮೇಲೆ ನಿಗಾ ಇಡುವವರು ಸುಮಾರು ಐವತ್ತೈದರ ಪ್ರಾಯದವರು, ಮೂವತ್ತು ವರ್ಷ ಇದೇ ಕೆಲಸದಲ್ಲಿ ಪಳಗಿದವರು. 1923ರ ಬಾಯ್ಲರ್ ಕಾಯ್ದೆ ಹೋಗಿ 2025ರಲ್ಲಿ ಹೊಸದು ಬಂದದ್ದರಿಂದ ಮಾಲೀಕರು ಕಾಗದಪತ್ರ, ಫಲಕ ಎಲ್ಲವನ್ನೂ ಹೊಸದಾಗಿಸುತ್ತಿದ್ದಾರೆ ಎಂದು ಅವರೇ ತಿಳಿಸಿದರು. ಕರಡನ್ನು ಓದಿ ನಗುವನ್ನು ತಡೆದುಕೊಂಡರು.

‘ಅಕ್ಕಾ, ಉಗೀಬೇಡಿ ಅಂತ ಇಲ್ಲಿ ಆಗಲೇ ಒಂದು ಬೋರ್ಡ್ ಇದೆ. ಹುಡುಗರು ಇದನ್ನೂ ಹಂಗೇ ಓದ್ತಾರೆ.’

ಹಾಗಾದರೆ ಹಬೆ ಎನ್ನೋಣವೇ ಎಂದೆ. ಅವರು ತಲೆಯಲ್ಲಾಡಿಸಿ ನನ್ನನ್ನು ಒಂದು ಪೈಪಿನ ಹತ್ತಿರ ಕರೆದೊಯ್ದರು. ಎರಡು ಪೈಪು ಸೇರುವ ಜಾಗದಿಂದ ಸಣ್ಣಗೆ ಸುಯ್ ಎನ್ನುವ ಸದ್ದು ಬರುತ್ತಿತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ಅಲ್ಲಿಂದ ಒಂದು ಗೇಣಿನಷ್ಟು ಆಚೆ, ಬರಿಯ ಗಾಳಿಯ ನಡುವೆ, ಬೆಳ್ಳಗಿನ ಎಳೆಯೊಂದು ತಾನಾಗಿ ಹುಟ್ಟಿ ಸುರುಳಿಯಾಗಿ ಮೇಲೇರುತ್ತಿತ್ತು. ಕೋಲಿನ ತುದಿಗೆ ಕಟ್ಟಿದ ಬಟ್ಟೆಯ ಚೂರನ್ನು ಅವರು ಆ ಏನೂ ಕಾಣದ ಜಾಗಕ್ಕೆ ಹಿಡಿದರು. ಬಟ್ಟೆ ಪಟಪಟನೆ ಹೊಡೆದುಕೊಂಡಿತು.

‘ನೋಡಿ, ಆ ಬೆಳ್ಳಗಿರೋದು ಹಬೆ. ಅದಕ್ಕೆ ಎಲ್ಲರೂ ಹೆದರ್ತಾರೆ, ಆದ್ರೆ ಅದು ಆಗಲೇ ತಣ್ಣಗಾಗ್ತಾ ಇರೋದು. ಈ ಮಧ್ಯದಲ್ಲಿ ಏನೂ ಕಾಣಲ್ಲ ಅಲ್ವಾ, ಇದು ಸ್ಟೀಮು. ಪೈಪಿನ ಒಳಗಿರೋದೂ ಇದೇ. ಕೈ ಇಟ್ರೆ ಹೋಯ್ತು.’

ಮೂರು ವಾರ ನಾನು ತಿರುವಿಹಾಕಿದ ನಿಘಂಟುಗಳಲ್ಲಿ ಇಲ್ಲದ ಭೇದವನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು, ಮತ್ತು ಅದು ಭೌತಶಾಸ್ತ್ರದ ಪ್ರಕಾರ ಅಕ್ಷರಶಃ ಸರಿಯಾಗಿತ್ತು. ಅನಿಲ ರೂಪದ ನೀರು ಕಣ್ಣಿಗೆ ಕಾಣುವುದಿಲ್ಲ. ನಾವು ಕಾಣುವ ಬಿಳುಪು, ಅದು ತಣಿದು ಮತ್ತೆ ನೀರಾದ ಸೂಕ್ಷ್ಮ ಹನಿಗಳ ಗುಂಪು. ಹುಟ್ಟಿನಲ್ಲಿ ಅದು ಆಗುಂಬೆಯ ಮಂಜಿನ ಬಳಗಕ್ಕೆ ಸೇರಿದ್ದು. ಅಮ್ಮನ ಒಲೆಯ ಮೇಲಿನ ಪಾತ್ರೆಯ ಸಂದಿಗೂ ಬಿಳಿಯ ಎಳೆ ಶುರುವಾಗುವ ಜಾಗಕ್ಕೂ ನಡುವೆ ಬೆರಳಿನ ಅಗಲದಷ್ಟು ಬರಿಯ ಜಾಗವೊಂದು ಇರುತ್ತಿದ್ದುದನ್ನು ನಾನು ನಲವತ್ತು ವರ್ಷ ಕಂಡೂ ನೋಡಿರಲಿಲ್ಲ. ಮಿಲ್ಲಿನ ಬಾಯ್ಲರಿನಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ಹತ್ತು ಕಿಲೋ ಮುಟ್ಟಿದಾಗ ಒಳಗಿನ ಸ್ಟೀಮ್ 180 ಡಿಗ್ರಿ ದಾಟಿರುತ್ತದೆ. ಒಂದು ಲೀಟರ್ ನೀರು ಬಯಲಿನಲ್ಲಿ ಹಬೆಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಕೇಳುವಂಥದ್ದು, ಅಲ್ಲಿ ಕಬ್ಬಿಣದ ನಡುವೆ ಮುದುಡಿ ಕೂತಿರುತ್ತದೆ. ಅದನ್ನು ಕಡುಬಿನ ಪದದಿಂದ ಕರೆಯಲು ಅವರ ನಾಲಿಗೆ ಒಪ್ಪದಿದ್ದುದು ಇಂಗ್ಲಿಷಿನ ವ್ಯಾಮೋಹದಿಂದಲ್ಲ. ಅವರಿಗೆ ಎರಡು ವಸ್ತುಗಳಿದ್ದವು, ಎರಡು ಪದ ಬೇಕಾಗಿತ್ತು. ಒಂದು ಮನೆಯಲ್ಲಿತ್ತು, ಇನ್ನೊಂದನ್ನು ಬಾಯ್ಲರಿನ ಜೊತೆಗೇ ಇಳಿಸಿಕೊಂಡರು. ಕನ್ನಡ ಪದವಿದ್ದೂ ಇಂಗ್ಲಿಷ್ ಬಳಸುವವರ ಮೇಲೆ ನಾನು ಬಹಳ ಸಲ ಹರಿಹಾಯ್ದಿದ್ದೇನೆ, ಮುಂದೆಯೂ ಹರಿಹಾಯುವವಳೇ, ಆದರೆ ಆ ಕೋಣೆಯಲ್ಲಿ ಬಾಯಿ ಬರಲಿಲ್ಲ.

ಫಲಕದ ಮೊದಲ ಸಾಲನ್ನು ಅಲ್ಲೇ, ಹೊಟ್ಟಿನ ಚೀಲದ ಮೇಲೆ ಕಾಗದವಿಟ್ಟು ಹೊಸದಾಗಿ ಬರೆದೆವು: ‘ಸ್ಟೀಮ್ ಪೈಪು. ಹಬೆ ಕಾಣದಿದ್ದರೂ ಕೈ ಇಡಬೇಡಿ.’ ಉಳಿದ ಹನ್ನೊಂದು ವಾಕ್ಯಗಳು ಆ ಮಧ್ಯಾಹ್ನವೇ ಮುಗಿದವು. ಕಾರ್ತಿಕದಲ್ಲಿ ಅಕ್ಕಿ ತರಲು ಅದೇ ದಾರಿಯಲ್ಲಿ ಹೋದಾಗ ಒಳಗೆ ಇಣುಕಿದೆ. ಹಳದಿ ಬಣ್ಣದ ಫಲಕ ಗೋಡೆಯ ಮೇಲಿತ್ತು, ಅದರ ಪಕ್ಕದ ಮೊಳೆಗೆ ಬಟ್ಟೆ ಕಟ್ಟಿದ ಆ ಕೋಲನ್ನು ತೂಗುಹಾಕಿದ್ದರು.